ಜೋಡಿ ರೊಟ್ಟಿಯ ಬೆಲೆ

ಕಲಬುರಗಿ
18 ಮೇ 2025, ರವಿವಾರ

ಪ್ರೀತಿಯ ಅಣ್ಣ ಅಮರನಾಥನಿಗೆ,

ನಿನ್ನ ತಂಗಿ ಭುವನೇಶ್ವರಿಯ ಶರಣು ಶರಣಾರ್ಥಿ. ಇಲ್ಲಿ ನಾನು ಕ್ಷೇಮ. ನೀನು, ವೈನಿ, ಮಗಳು ಸೃಷ್ಟಿ ಎಲ್ಲರೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ.

ನೀನು ದಾಲ್ ಮಿಲ್ಲಿನ ಕಾಗದಗಳ ಫೈಲನ್ನು ನನ್ನ ಟೇಬಲ್ಲಿನ ಮೇಲೆ ಇಟ್ಟು ಹೋಗಿ ಇಪ್ಪತ್ತೆರಡು ದಿನವಾಯಿತು. ನಡುವೆ ಐದು ಸಲ ಫೋನು ಮಾಡಿದ್ದೀ. ಮೂರು ಸಲ ನಾನು ಎತ್ತಲಿಲ್ಲ. ಎರಡು ಸಲ ಎತ್ತಿ, ಜೇವರ್ಗಿಯಲ್ಲಿದ್ದೇನೆ, ಆಮೇಲೆ ಮಾತಾಡುತ್ತೇನೆ ಎಂದೆ. ಒಂದು ಸಲ ನಿಜವಾಗಿಯೂ ಜೇವರ್ಗಿಯಲ್ಲಿದ್ದೆ. ಇನ್ನೊಂದು ಸಲ ಮನೆಯಲ್ಲೇ ಫ್ಯಾನಿನ ಕೆಳಗೆ ಮಲಗಿದ್ದೆ. ತಪ್ಪು ನನ್ನದೇ, ಮನ್ನಿಸು. ಬಸವ ಜಯಂತಿಗೆ ಬರುತ್ತೇನೆಂದು ವೈನಿಗೆ ಮಾತು ಕೊಟ್ಟು ಅದನ್ನೂ ತಪ್ಪಿಸಿದೆ. ನನ್ನ ಪಾಲಿನ ಹೋಳಿಗೆ ಎತ್ತಿಟ್ಟು ಮರುದಿನದವರೆಗೂ ಕಾದರಂತೆ, ಸೃಷ್ಟಿ ಹೇಳಿದಳು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಾತಾಡುತ್ತೀ, ನಾನು ಹ್ಞೂಂ ಅನ್ನುತ್ತೇನೆ. ಮೊದಲಿನಿಂದಲೂ ನಮ್ಮಿಬ್ಬರದು ಹಾಗೇ ನಡೆದಿದೆ. ಅದಕ್ಕೇ ಕಾಗದ ತೆಗೆದುಕೊಂಡು ಕುಳಿತೆ.

ಖರೇ ಹೇಳಬೇಕೆಂದರೆ ಸುಸ್ತಾಗಿದೆ ಅಣ್ಣ. ವಯಸ್ಸು ಐವತ್ತೊಂದು, ಅದು ದೊಡ್ಡದೇನಲ್ಲ. ಇಪ್ಪತ್ತಾರು ವರ್ಷದಿಂದ ಊರವರ ಮನೆ, ಹೊಲ, ಅಂಗಡಿ, ಕಾರ್ಖಾನೆಗಳಿಗೆ ಬೆಲೆ ಕಟ್ಟಿ ವರದಿ ಬರೆಯುತ್ತಾ ಬಂದಿದ್ದೇನೆ. ಸಾಲಕ್ಕೆ ಬಂದವರು ಸ್ವಲ್ಪ ಹೆಚ್ಚು ಬರೀರಿ ಅನ್ನುತ್ತಾರೆ. ಅವರೇ ಎರಡು ವರ್ಷಕ್ಕೆ ತೆರಿಗೆಯ ಕೆಲಸಕ್ಕೆ ಬಂದು ಸ್ವಲ್ಪ ಕಡಿಮೆ ಬರೀರಿ ಅನ್ನುತ್ತಾರೆ. ಗೋಡೆ ಅದೇ, ಬಾಗಿಲು ಅದೇ. ಇಂಥ ಮಾತಿಗೆ ಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ನಗು ಬರುತ್ತಿತ್ತು. ಈಗ ಏನೂ ಬರುವುದಿಲ್ಲ, ಚಹಾ ಕುಡಿಯಿರಿ ಅನ್ನುತ್ತೇನೆ. ಅಂಥ ಹೊತ್ತಿನಲ್ಲಿ ನಿನ್ನ ಫೈಲು ಬಂತು. ಅದರ ಮಾತಿಗೆ ಬರುತ್ತೇನೆ. ಅದಕ್ಕೆ ಮೊದಲು ಜೇವರ್ಗಿಯಲ್ಲಿ ಏನಾಯಿತೆಂದು ಕೇಳು. ಕೇಳದಿದ್ದರೆ ನನ್ನ ಉತ್ತರ ನಿನಗೆ ಸೊಕ್ಕಿನಂತೆ ಕಾಣಬಹುದು.

ಜೇವರ್ಗಿಯಲ್ಲಿ ಶಿವಕಾಂತಾ, ಮದೀನಾಬಿ ಎಂಬ ಇಬ್ಬರು ಸೇರಿ ಒಂದು ರೊಟ್ಟಿ ಕೇಂದ್ರ ನಡೆಸುತ್ತಿದ್ದರು. ಪಾಲುದಾರಿಕೆ ಮುರಿಯುವುದಕ್ಕೆ ಬಂತು. ಒಟ್ಟು ವ್ಯಾಪಾರದ ಬೆಲೆ ಎಷ್ಟೆಂದು ನಾನು ಹೇಳಬೇಕು, ಅದರಲ್ಲಿ ಅರ್ಧವನ್ನು ಮದೀನಾಬಿಗೆ ಕೊಟ್ಟು ಶಿವಕಾಂತಾ ಕೇಂದ್ರ ಇಟ್ಟುಕೊಳ್ಳಬೇಕು ಎಂದು ಎರಡೂ ಕಡೆಯ ವಕೀಲರು ಒಪ್ಪಿ ನನ್ನನ್ನು ಕರೆಸಿದರು.

ಇಪ್ಪತ್ತೆರಡು ವರ್ಷದ ಹಿಂದೆ ಇಬ್ಬರೂ ಗಂಡನನ್ನು ಕಳೆದುಕೊಂಡವರು. ಶಿವಕಾಂತಾಳಿಗೆ ರಸ್ತೆ ಬದಿಯ ಎರಡು ಖೋಲಿಯ ಮನೆ ಇತ್ತು, ಲೆಕ್ಕ ಬರುತ್ತಿತ್ತು. ಮದೀನಾಬಿ ಮಣ್ಣೂರಿನವಳು, ರೊಟ್ಟಿ ಬಡಿಯುವ ಕೈ ಇತ್ತು. ಒಬ್ಬಳು ಒಲೆಯ ಮುಂದೆ ಕೂತರೆ ಇನ್ನೊಬ್ಬಳು ಬುಟ್ಟಿ ಹೊತ್ತುಕೊಂಡು ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದಳು. ಎರಡು ರೊಟ್ಟಿ, ನಡುವೆ ಖಾರದ ಶೇಂಗಾ ಹಿಂಡಿ, ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದರು. ಬಸ್ಸಿನವರು ಕಿಟಕಿಯಿಂದಲೇ ಒಂದು ಜೋಡಿ ಕೊಡವ್ವಾ ಎಂದು ಕೂಗುತ್ತಿದ್ದರಂತೆ. ಹಾಗೆ ಜೋಡಿ ರೊಟ್ಟಿ ಎಂಬ ಹೆಸರು ತಾನಾಗಿ ಬಂತು. ಈಗ ಹದಿನಾರು ಹೆಂಗಸರು ದುಡಿಯುತ್ತಾರೆ. ಹಿಟ್ಟು ನಾದುವ ಯಂತ್ರವಿದೆ, ಟೆಂಪೋ ಇದೆ. ಖಡಕ್ ರೊಟ್ಟಿಯ ಪ್ಯಾಕೆಟ್ಟು ಕಲಬುರಗಿ, ಸೊಲ್ಲಾಪುರದವರೆಗೂ ಹೋಗುತ್ತದೆ.

ಕಳೆದ ವರ್ಷದ ಕೊನೆಗೆ ಹೈದರಾಬಾದಿನ ಒಂದು ಕಂಪನಿಯವರು ಬಂದು, ಈ ಹೆಸರಿನಲ್ಲಿ ನಾವೂ ರೊಟ್ಟಿ ಮಾರುತ್ತೇವೆ, ಹೆಸರನ್ನು ನಮಗೆ ಕೊಡಿ ಎಂದರಂತೆ. ಹೆಸರಿನ ನೋಂದಣಿ ಪತ್ರ ಕೇಳಿದರು. ಶಿವಕಾಂತಾ ತಂದು ಕೊಟ್ಟಳು. ಬಂದವರಲ್ಲಿ ಒಬ್ಬ ಅದನ್ನು ಅಂಗಳದಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದ. ಮಾಲೀಕರು ಎಂಬಲ್ಲಿ ಶಿವಕಾಂತಾ ಒಬ್ಬಳದೇ ಹೆಸರು. ಮದೀನಾಬಿ ಅಲ್ಲೇ ಹಂಚಿನ ಮುಂದೆ ಕೂತಿದ್ದಳು. ಹಂಚಿನ ಮೇಲಿದ್ದ ರೊಟ್ಟಿಯನ್ನು ಪೂರಾ ಬೇಯಿಸಿ ತೆಗೆದಿಟ್ಟು, ಕೈ ತೊಳೆದುಕೊಂಡು ಮನೆಗೆ ಹೋದಳಂತೆ. ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಂದು ನನ್ನ ಪಾಲು ಕೊಡ್ರಿ ಎಂದಳು.

ನಾನು ಮೊದಲ ಸಲ ಹೋದದ್ದು ಏಪ್ರಿಲ್ ಹತ್ತರಂದು. ಪಾಲು ಇತ್ಯರ್ಥವಾಗುವವರೆಗೆ ಇಬ್ಬರೂ ಕೆಲಸ ಬಿಟ್ಟಿರಲಿಲ್ಲ. ಮಾತು ಮಾತ್ರ ಬಿಟ್ಟಿದ್ದರು. ನಾನು ಹಂಚು, ಯಂತ್ರ, ತೂಕದ ಕಾಟಾ, ಜೋಳದ ಚೀಲ ಎಲ್ಲ ಬರೆದುಕೊಳ್ಳುತ್ತಿದ್ದೆ. ಟೆಂಪೋದ ಕಾಗದ ಬೇಕೆಂದೆ. ಶಿವಕಾಂತಾ ಕೂತಲ್ಲಿಂದಲೇ, "ಮೇಡಂರಿ, ಟೆಂಪೋದ ಕಾಗದ ಎಲ್ಲಿಟ್ಟಾಳ ಕೇಳ್ರಿ ಆಕಿಗಿ" ಎಂದಳು. ಮದೀನಾಬಿ ಎಂಟು ಅಡಿ ದೂರದಲ್ಲಿ ಹಿಟ್ಟು ನಾದುತ್ತಿದ್ದಳು. ತಲೆ ಎತ್ತದೆ, "ಅಕ್ಕನ ತಿಜೋರಿ ಮ್ಯಾಲಿನ ಖಾನ್ಯಾಗ ಅದ ಅಂತ ಹೇಳ್ರಿ ಮೇಡಂರಿ. ಆಕಿನ ಇಟ್ಟಾಳ, ಮರ್ತಾಳ" ಎಂದಳು. ಜಗಳದಲ್ಲೂ ಅಕ್ಕ ಅನ್ನುವುದು ಬಿಟ್ಟಿರಲಿಲ್ಲ. ಆ ದಿನ ಹೀಗೆ ಸುಮಾರು ಇಪ್ಪತ್ತು ಮಾತುಗಳನ್ನು ಎಂಟು ಅಡಿ ಆಚೆಗೂ ಈಚೆಗೂ ಸಾಗಿಸಿದೆ. ಸಂಜೆ ಬಸ್ಸಿನಲ್ಲಿ ಭೀಮೆಯ ಸೇತುವೆ ದಾಟುವಾಗ ಬೆನ್ನು ನೋಯುತ್ತಿತ್ತು.

ಶಿವಕಾಂತಾಳಿಗೆ ಹಣಮಂತರಾಯ ಎಂಬ ಮೈದುನನಿದ್ದಾನೆ. ಕೇಂದ್ರದ ಕಾಗದಪತ್ರವನ್ನೆಲ್ಲ ನೋಡುವವನು ಅವನೇ. ಮರುವಾರ ನನ್ನ ಆಫೀಸಿಗೆ ಬಂದ. ಒಳ್ಳೆಯ ಮಾತಿನ ಮನುಷ್ಯ, ಹೆದರಿಸಲಿಲ್ಲ, ಆಸೆಯನ್ನೂ ತೋರಿಸಲಿಲ್ಲ.

"ಮೇಡಂರಿ, ಹಂಚು, ಮಷೀನು, ಗಾಡಿ, ಮಾಲು, ಇಷ್ಟ ಬರೀರಿ" ಎಂದ. "ಹೆಸರು ಅಂತ ಬ್ಯಾರೆ ಒಂದು ಕಾಲಂ ಹಾಕಬ್ಯಾಡ್ರಿ. ಹೆಸರೇನ್ ಕಣ್ಣಿಗಿ ಕಾಣೂ ವಸ್ತು ಏನ್ರಿ?"

"ಕಾಣದಿದ್ರ ಹೈದರಾಬಾದಿನವರು ಏನ್ ಕೊಳ್ಳಾಕ ಬಂದಿದ್ರು ರಾಯರ?"

ಅವನು ನಕ್ಕ. "ಅದು ಹೌದ್ರಿ. ಆದ್ರ ಕಾಗದ ಒಬ್ಬರ ಹೆಸರಿಲೆ ಅದ. ಅರ್ಜಿ ನಾನ ಹಾಕೀನಿ. ಇಬ್ಬರ ಹೆಸರ ಹಾಕಿದ್ರ ಎರಡು ಸಹಿ, ಎರಡು ಆಧಾರ್, ಓಡಾಟ. ಒಂದ ಸಾಕು ಅಂತ ಮಾಡೀನಿ. ಮೋಸ ಮಾಡಬೇಕಂತ ಅಲ್ಲ."

ಅವನು ಹೇಳಿದ್ದು ನಿಜವೇ ಇರಬೇಕು ಅಣ್ಣ. ನಾನು ನೋಡಿದ ಎಷ್ಟೋ ಅನ್ಯಾಯಗಳ ಹಿಂದೆ ದುಷ್ಟತನ ಇರಲಿಲ್ಲ. ಒಂದು ಸಲ ಹೆಚ್ಚಿಗೆ ಓಡಾಡುವುದಕ್ಕೆ ಬೇಸರವಾಗಿತ್ತು, ಅಷ್ಟೇ. ನನಗೂ ಆ ದಿನ ಅಂಥದೇ ಬೇಸರ ಬಂತು. ಆ ಕಾಲಂ ಬಿಟ್ಟುಬಿಟ್ಟರೆ ಯಾರೂ ನನ್ನನ್ನು ಕೇಳುವುದಿಲ್ಲ, ಬರೆದರೂ ಬಿಟ್ಟರೂ ಫೀ ಅಷ್ಟೇ, ಕೆಲಸ ನಾಲ್ಕು ದಿನ ಮೊದಲೇ ಮುಗಿಯುತ್ತದೆ. ಅವನು ಹೋದ ಮೇಲೆ ಎರಡು ದಿನ ಆ ವರದಿಯನ್ನು ಮುಟ್ಟಲೇ ಇಲ್ಲ. ನಿನ್ನಿಂದ ಇದನ್ನು ಮುಚ್ಚಿಡುವುದೇಕೆ, ಬಿಟ್ಟುಬಿಡೋಣ ಎಂದೇ ಅರ್ಧ ಮನಸ್ಸು ಮಾಡಿದ್ದೆ.

ಮೂರನೆಯ ದಿನ, ಸುಮ್ಮನೆ ಕೂರಲಾರದೆ, ದೊಡ್ಡ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಫೋನು ಹಚ್ಚಿದೆ. ಅಫಜಲಪುರದಲ್ಲಿ ಖಾನಾವಳಿ ನಡೆಸುವ ಹರಿ ಎಂಬವರು ಹನ್ನೊಂದು ವರ್ಷದಿಂದ ಇವರ ರೊಟ್ಟಿ ತರಿಸುತ್ತಾರೆ. ಯಾಕೆ ಇವರದೇ ಬೇಕು ಎಂದು ಕೇಳಿದೆ.

"ಮದೀನಾಬಿ ಹದಾ ಮಾಡಿದ ರೊಟ್ಟಿ ಎಂಟನೇ ದಿನಕ್ಕೂ ಮುರದ್ರ ಟಪ್ ಅಂತದ್ರಿ, ಮೆತ್ತಗ ಆಗಂಗಿಲ್ಲ" ಎಂದರು. ಆಮೇಲೆ ತಡೆದು, "ಆದ್ರ ಮೇಡಂರಿ, ಬರೇ ರುಚಿಗಿ ಖಾನಾವಳಿ ನಡೀತದೇನು? ಶಿವಕಾಂತಾ ಅಕ್ಕ ಹೊತ್ತ ತಪ್ಪಿಸಂಗಿಲ್ಲ. ಹೊಳಿ ಬಂದು ರಸ್ತೆ ಬಂದ್ ಆದಾಗ ಸುತ್ತು ಹಾಕಿ ಗಾಡಿ ಕಳಿಸ್ಯಾಳ. ಒಬ್ಬಾಕಿ ಇದ್ದಿದ್ರ ನಾ ಎಂದೋ ಬಿಡ್ತಿದ್ದೆ" ಎಂದರು.

ಉಳಿದವರೂ ಹೆಚ್ಚುಕಡಿಮೆ ಇದನ್ನೇ ಹೇಳಿದರು. ಕೂಡು ಖಾತೆಯ ಪಾಸ್‌ಬುಕ್ ತರಿಸಿ ನೋಡಿದೆ. ಹೆಸರಿನ ನೋಂದಣಿಗೆ ಕಟ್ಟಿದ ನಾಲ್ಕೂವರೆ ಸಾವಿರ ರೂಪಾಯಿ ಶುಲ್ಕ ಅದೇ ಖಾತೆಯಿಂದ ಹೋಗಿತ್ತು. ಅಂದರೆ ಅರ್ಧ ದುಡ್ಡು ಮದೀನಾಬಿಯದು.

ಆಮೇಲೆ ಬರೆಯಲು ಕುಳಿತೆ. ಕಣ್ಣಿಗೆ ಕಾಣುವ ಸಾಮಾನುಗಳೆಲ್ಲ ಸವಕಳಿ ಕಳೆದು ಹನ್ನೊಂದು ಲಕ್ಷ ನಲವತ್ತು ಸಾವಿರ ಆಯಿತು. ಹೆಸರಿನ ಬೆಲೆ ಕಟ್ಟುವುದು ಹೀಗೆ: ವರ್ಷದ ಲಾಭದಲ್ಲಿ ಇಬ್ಬರ ದುಡಿಮೆಗೆ ತಕ್ಕ ಸಂಬಳ ತೆಗೆಯಬೇಕು, ಹಾಕಿದ ಬಂಡವಾಳಕ್ಕೆ ಬರಬೇಕಾದ ಬಡ್ಡಿ ತೆಗೆಯಬೇಕು. ಅದಾದ ಮೇಲೂ ಉಳಿಯುವ ಲಾಭ ಹೆಸರು ದುಡಿದು ತಂದದ್ದು. ಅದು ಎಷ್ಟು ವರ್ಷ ಹೀಗೇ ಬಂದೀತು ಎಂದು ಅಂದಾಜು ಮಾಡಿ ಲೆಕ್ಕ ಹಾಕಿದರೆ ಹದಿನೆಂಟು ಲಕ್ಷ ಬಂತು. ಹೆಸರು ಯಾರದೆಂದು ತೀರ್ಮಾನಿಸುವ ಅಧಿಕಾರ ನನಗಿಲ್ಲ. ಹಾಗಾಗಿ ನೋಂದಣಿ ಯಾರ ಹೆಸರಿನಲ್ಲಿದೆ, ಶುಲ್ಕ ಯಾವ ಖಾತೆಯಿಂದ ಹೋಗಿದೆ, ಗಿರಾಕಿಗಳು ಏನೆಂದರು, ಮೂರನ್ನೂ ಇದ್ದದ್ದು ಇದ್ದಹಾಗೆ ಬರೆದೆ. ಮುಂದಿನದನ್ನು ಅವರಿಗೆ ಬಿಟ್ಟೆ.

ಮೇ ಆರರಂದು ಜೇವರ್ಗಿಯ ವಕೀಲರ ಆಫೀಸಿನಲ್ಲಿ ಓದಿ ಹೇಳಿದೆ. ಕರೆಂಟು ಇರಲಿಲ್ಲ. ಎಲ್ಲರೂ ಫೈಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಹದಿನೆಂಟು ಲಕ್ಷ ಎಂದ ಕೂಡಲೇ ಹಣಮಂತರಾಯ ಎದ್ದು ನಿಂತ. "ಕಾಯ್ದಾ ಪ್ರಕಾರ ಹೆಸರ ನಮ್ಮ ವೈನಿದು. ಅದ್ರಾಗ ಹಿಸ್ಸೆ ಇಲ್ಲ. ಬಾಕಿದ್ದರಾಗ ಅರ್ಧ ಕೊಡ್ತೀವಿ, ಇವತ್ತ ಕೊಡ್ತೀವಿ" ಎಂದ.

ಶಿವಕಾಂತಾ ಅವನಿಗೆ ಕೂರು ಎಂದು ಕೈ ಮಾಡಿದಳು. ನನ್ನ ಕಡೆ ತಿರುಗಿ, "ಮೇಡಂರಿ, ಆ ಫೀ ರೊಕ್ಕ ಕೂಡು ಖಾತೆದಾಗಿಂದ ಹೋಗ್ಯದ ಅಂದ್ರಿ. ಖರೇ ಏನ್ರಿ?" ಎಂದು ಕೇಳಿದಳು. ನಾನು ಪಾಸ್‌ಬುಕ್ಕಿನ ಆ ಸಾಲನ್ನು ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಲೆಕ್ಕ ಬರೆದವಳು ಅವಳೇ. ಆದರೆ ಅಂದು ಅದನ್ನು ಹೊಸದಾಗಿ ಓದುವವರ ಹಾಗೆ ಓದಿದಳು.

"ಅರ್ಧ ಬರೀರಿ" ಎಂದಳು ವಕೀಲರಿಗೆ. "ಎಲ್ಲಾದ್ರಾಗೂ ಅರ್ಧ. ಹೆಸರಿನ್ಯಾಗೂ ಅರ್ಧ."

ಆಮೇಲೆ ಐದು ತಿಂಗಳಲ್ಲಿ ಮೊದಲ ಸಲ ನೇರವಾಗಿ ಮದೀನಾಬಿಯ ಕಡೆ ನೋಡಿ, "ಆತಿಲ್ಲ ಮದೀನಾ?" ಎಂದಳು.

ನಾನು, ವಕೀಲರು, ಎಲ್ಲರೂ ಈಗ ಇಬ್ಬರೂ ಅಳುತ್ತಾರೆ, ಒಂದಾಗುತ್ತಾರೆ ಎಂದುಕೊಂಡೆವು. ನನಗಂತೂ ಒಳಗೊಳಗೇ ಸಮಾಧಾನ ಬಂದಿತ್ತು. ಮದೀನಾಬಿ ಸೆರಗಿನಿಂದ ಕತ್ತು ಒರೆಸಿಕೊಂಡಳು.

"ರೊಕ್ಕ ನೀ ಕೊಡ್ತಿ ಅಂತ ನನಗ ಗೊತ್ತಿತ್ತಕ್ಕ" ಎಂದಳು. "ರೊಕ್ಕದಾಗ ನೀ ಎಂದೂ ಮೋಸ ಮಾಡಾಕಿ ಅಲ್ಲ. ಆದ್ರ ಅರ್ಜಿ ತುಂಬೂ ದಿನ ನಾ ಬಾಜೂ ಖೋಲ್ಯಾಗ ರೊಟ್ಟಿ ಬಡಿಲಾಕತ್ತಿದ್ದೆ. ನನ್ನ ಹೆಸರ ಒಂದ ಹಾಕ್ಲೇನು ಅಂತ ಒಂದ ಮಾತು ಕೇಳಿದ್ರ ಹಾಕಕ್ಕ ಅಂತಿದ್ದೆ. ಕೇಳಲಿಲ್ಲಲ್ಲ ನೀ."

ಶಿವಕಾಂತಾ ಕನ್ನಡಕ ತೆಗೆದು ಮಡಚಿಟ್ಟಳು. ತಪ್ಪನ್ನು ಮೈದುನನ ಮೇಲೆ ಹಾಕಬಹುದಿತ್ತು, ಹಾಕಲಿಲ್ಲ. ಆ ಒಂದು ವಿಷಯಕ್ಕೆ ಅವಳ ಮೇಲೆ ನನಗೆ ಗೌರವ ಬಂತು.

ಸಹಿಗಳಾದವು. ಮದೀನಾಬಿಗೆ ಉರ್ದು ಓದಲು ಬರುತ್ತದೆ, ಕನ್ನಡ ಅಷ್ಟಾಗಿ ಬರುವುದಿಲ್ಲ. ಚೆಕ್ಕನ್ನು ಮಡಚಿ ಇಟ್ಟುಕೊಂಡು ನನ್ನ ವರದಿಯನ್ನು ಕೈಗೆ ತೆಗೆದುಕೊಂಡಳು. "ಇದ್ರಾಗ ನನ್ನ ಹೆಸರ ಎಷ್ಟ್ ಕಡೆ ಅದರಿ?" ಎಂದಳು. ನಾನು ಹಾಳೆ ತಿರುವಿ ಎಣಿಸಿದೆ. ಹದಿನಾಲ್ಕು ಕಡೆ ಇತ್ತು. "ಇದರ ಒಂದ ಪ್ರತಿ ನನಗ ಕೊಡ್ರಿ" ಎಂದಳು. ಕೊಟ್ಟೆ.

ಬಾಗಿಲು ದಾಟುವಾಗ ಶಿವಕಾಂತಾ, "ಬಿಸಿಲ ಭಾಳ ಅದ, ಟೆಂಪೋದಾಗ ಹೋಗು" ಎಂದಳು. "ಬ್ಯಾಡಕ್ಕ, ಬಸ್ಸ ಅದ" ಎಂದು ಮದೀನಾಬಿ ಹೋದಳು. ಈಗ ಮಣ್ಣೂರಿನ ತವರಿನಲ್ಲಿದ್ದಾಳಂತೆ. ರೊಟ್ಟಿ ಮಾರುತ್ತಿಲ್ಲ. ತಮ್ಮನ ಮನೆಯಲ್ಲಿ ಒಂದು ಖೋಲಿ ಕಟ್ಟಿಸಿಕೊಳ್ಳುತ್ತಿದ್ದಾಳೆ.

ಮೊನ್ನೆ ಶುಕ್ರವಾರ ಶಿವಕಾಂತಾಳ ಫೋನು ಬಂತು. ಕೆಲಸ ನಡೆದಿದೆ, ಹೈದರಾಬಾದಿನವರಿಗೆ ಬೇಡವೆಂದು ಹೇಳಿ ಕಳಿಸಿದೆ, ಹಳೆಯ ಹೆಂಗಸರೇ ಹದ ನೋಡಿಕೊಳ್ಳುತ್ತಾರೆ ಎಂದಳು. ಬಿಲ್ಲಿನ ಮಾತಿರಬಹುದೆಂದು ನಾನು ಕಾದೆ. ಆಮೇಲೆ ಕೇಳಿದಳು: "ಮೇಡಂರಿ, ನೀವು ಹದಿನೆಂಟು ಲಕ್ಷ ಅಂದ್ರಲ್ಲ, ಆ ಹೆಸರು. ಆಕಿ ಹೋದ ಮ್ಯಾಲ ಈಗ ಎಷ್ಟಾಗ್ಯದ್ರಿ?"

ವರದಿಯ ಬೆಲೆ ಆ ದಿನದ ಮಟ್ಟಿಗೆ ಮಾತ್ರ ಎಂದು ಪ್ರತಿ ಸಲ ಕೊನೆಯ ಪುಟದಲ್ಲಿ ನಾನೇ ಬರೆಯುತ್ತೇನೆ. ಅದನ್ನೇ ಹೇಳಿದೆ. "ಹೌದ್ರಿ" ಎಂದು ಫೋನು ಇಟ್ಟಳು.

ಈಗ ನಿನ್ನ ಫೈಲು. ಮಿಲ್ಲಿಗೆ ಎರಡು ಕೋಟಿ ನಲವತ್ತು ಲಕ್ಷ ಬರಬೇಕು, ಅಷ್ಟು ಬಂದರೆ ಬ್ಯಾಂಕಿನವರು ಹೊಸ ಯಂತ್ರಕ್ಕೆ ಸಾಲ ಕೊಡುತ್ತಾರೆ ಎಂದಿದ್ದೀ. ತಂಗಿಯಾಗಿ ನಾನು ಸಹಿ ಹಾಕುವಂತಿಲ್ಲ, ಅದು ನಿನಗೂ ಗೊತ್ತು. ಅದಕ್ಕೇ ನೀನು ಅಂದು, "ನಿನ್ನ ಲೈನಿನ್ಯಾಗ ಯಾರರೆ ಇರ್ತಾರಲ್ಲ ಭುವೀ, ಅವರ ಕಡಿಂದ ಮಾಡಸು" ಎಂದೆ. ಕಳೆದ ಗುರುವಾರ ನಾನು ಆಳಂದಕ್ಕೆ ಬಂದಿದ್ದೆ. ನೀನು ಮಿಲ್ಲಿನಲ್ಲಿರಲಿಲ್ಲ. ಕಾವಲಿನವನಿಗೆ ಹೇಳಿ ಒಳಗೆಲ್ಲ ಸುತ್ತಾಡಿದೆ. ಜಾಗ ಒಳ್ಳೆಯದು, ರಸ್ತೆಗಿದೆ. ಆದರೆ ಶೆಡ್ಡಿನ ತಗಡು ಪಡುವಣ ಬದಿಗೆ ಪೂರಾ ತುಕ್ಕು ಹಿಡಿದಿದೆ. ತೊಗರಿ ಒಡೆಯುವ ಯಂತ್ರಕ್ಕೆ ಇನ್ನು ಎರಡು ಹಂಗಾಮಿನ ಆಯುಷ್ಯವಿದ್ದರೆ ಹೆಚ್ಚು. ನಾನು ಎಷ್ಟು ಸಲ ಕೂಡಿಸಿದರೂ ಒಂದು ಕೋಟಿ ಅರವತ್ತಕ್ಕಿಂತ ಮೇಲೆ ಹೋಗಲಿಲ್ಲ.

ಹಾಗಾಗಿ ಯಾರಿಗೂ ಹೇಳಿ ಮಾಡಿಸುವುದಿಲ್ಲ ಅಣ್ಣ. ಸಿಟ್ಟು ಮಾಡಿಕೊಳ್ಳಬೇಡ. ಇಲ್ಲದ ಎಂಬತ್ತು ಲಕ್ಷವನ್ನು ಕಾಗದದ ಮೇಲೆ ಹುಟ್ಟಿಸಬಹುದು, ಅದಕ್ಕೆ ತಿಂಗಳಾ ತಿಂಗಳಾ ಬಡ್ಡಿ ಕಟ್ಟಬೇಕಾದವನು ನೀನು. ಒಂದು ಅರವತ್ತಕ್ಕೆ ಎಷ್ಟು ಸಾಲ ಬರುತ್ತದೋ ಅಷ್ಟರಲ್ಲಿ ಹಳೆಯ ಯಂತ್ರವೊಂದನ್ನು ಬದಲಿಸು, ಶೆಡ್ಡು ಆಮೇಲೆ ನೋಡೋಣ. ಎಲ್ಲಿ ಎಷ್ಟು ಹಿಡಿದಿದ್ದೇನೆಂದು ಪೆನ್ಸಿಲಿನಲ್ಲಿ ಬರೆದು ಫೈಲಿನಲ್ಲೇ ಇಟ್ಟಿದ್ದೇನೆ. ತಪ್ಪಿದ್ದರೆ ಹೇಳು, ಕೂತು ಮಾತಾಡೋಣ.

ವೈನಿಗೆ ನನ್ನ ಶರಣು ಹೇಳು. ಮಂಡಿನೋವಿಗೆ ಎಣ್ಣೆ ಕಳಿಸಿದ್ದೇನೆ, ಬಿಸಿ ಮಾಡಿ ಹಚ್ಚಿಕೊಳ್ಳಲಿ. ಸೃಷ್ಟಿಗೆ ಅತ್ತಿಯ ಆಶೀರ್ವಾದ. ಪರೀಕ್ಷೆ ಹೇಗಾದರೂ ಆಗಲಿ, ಮುಖ ಸಣ್ಣ ಮಾಡಿಕೊಳ್ಳಬಾರದೆಂದು ಹೇಳು. ಬಸವಣ್ಣ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ. ಬಿಸಿಲಲ್ಲಿ ಮೋಟಾರ್ ಸೈಕಲ್ಲಿನಲ್ಲಿ ತಿರುಗಬೇಡ.

ನಿನ್ನ ತಂಗಿ,
ಭುವನೇಶ್ವರಿ

ತಾ.ಕ. ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಅಪ್ಪ ತೀರಿದ ವರ್ಷ, ಅಂದರೆ ಹನ್ನೆರಡು ವರ್ಷದ ಹಿಂದೆ, ನರೋಣಾದ ಹೊಲಕ್ಕೂ ಆಳಂದದ ಜಾಗಕ್ಕೂ ಬೆಲೆ ಕಟ್ಟಿಸಲು ನೀನು ಸೊಲ್ಲಾಪುರದಿಂದ ಒಬ್ಬರನ್ನು ಕರೆಸಿದೆ. ಆಕಿದೂ ಪಾಲ ಅದ, ತನ್ನ ಕಡಿಗಿ ಎಳದು ಬರೀತಾಳ ಎಂದು ನೀನು ಹೇಳಿದ್ದು ವೈನಿಯ ಬಾಯಿಂದ ಆಮೇಲೆ ತಿಳಿಯಿತು. ನನಗೆ ಪಾಲು ಬೇಕಾಗಿರಲಿಲ್ಲ. ಹಕ್ಕು ಬಿಟ್ಟ ಪತ್ರಕ್ಕೆ ಆ ವರದಿಯನ್ನು ಓದದೆಯೇ ಸಹಿ ಹಾಕಿದೆ, ಇಂದಿಗೂ ಓದಿಲ್ಲ. ನಾನು ಸಹಿ ಹಾಕಿ ವರದಿ ಕೊಡುವುದೂ ಬೇಡವಾಗಿತ್ತು. ಭುವೀ, ಎಷ್ಟಾಗಬಹುದು ಎಂದು ಊಟಕ್ಕೆ ಕೂತಾಗ ಕೇಳಿದ್ದರೆ ಸಾಕಿತ್ತು. ನನಗೆ ನಷ್ಟವಾದರೂ ಸರಿಯಾದದ್ದನ್ನೇ ಹೇಳುತ್ತಿದ್ದೆ. ನಿನಗೆ ಗೊತ್ತಿಲ್ಲದ ಒಂದು ವಿಷಯವಿದೆ. ಆ ಸೊಲ್ಲಾಪುರದವರಿಗೆ ಆಳಂದದ ದರ ಗೊತ್ತಿರಲಿಲ್ಲ. ಯಾರೋ ಬ್ಯಾಂಕಿನವರು ನನ್ನ ನಂಬರು ಕೊಟ್ಟಿದ್ದರು, ನಾನು ಯಾರೆಂದು ತಿಳಿಯದೆ ನನಗೇ ಫೋನು ಮಾಡಿದರು. ಮುಖ್ಯ ರಸ್ತೆಗೆ ಗುಂಟೆಗೆ ಎಷ್ಟು, ಒಳಗೆ ಎಷ್ಟು, ಎಲ್ಲವನ್ನೂ ಸರಿಯಾಗಿ ಹೇಳಿದೆ. ಬರೆದುಕೊಂಡು, ಉಪಕಾರವಾಯಿತು ಎಂದರು. ಆಮೇಲೆ ಅಮರನಾಥ ಎನ್ನುವವರ ಜಾಗ, ನಿಮಗೇನಾದರೂ ಪರಿಚಯವೇ ಎಂದು ಕೇಳಿದರು. ನಾನು ಇಲ್ಲ ಎಂದೆ.